'ಹ್ಯಾವ್' ಹಾಕಬೇಕೋ ಬೇಡವೋ? ಅರ್ಜಿ ಬರೆಯುವವರ ಪರದಾಟ!

ತಾಲ್ಲೂಕು ಕಚೇರಿ, ಕೋರ್ಟು, ಜಿಲ್ಲಾ ಪಂಚಾಯ್ತಿ... ಯಾವುದರ ಎದುರಿಗೆ ಹೋಗಿ ನಿಂತರೂ ಒಂದು ಸಾಲು ಜೆರಾಕ್ಸ್ ಅಂಗಡಿ. ಹಿಂದೆ ಟೈಪ್‌ರೈಟರ್ ಕುಟ್ಟುತ್ತಿದ್ದ ಜಾಗದಲ್ಲಿ ಈಗ ಕಂಪ್ಯೂಟರ್ ಕೂತಿದೆ. ಯಂತ್ರ ಬದಲಾಯಿತು, ಅರ್ಜಿಯ ಇಂಗ್ಲೀಷ್ ಮಾತ್ರ ಇದ್ದಲ್ಲೇ ಇದೆ. 'ಐ ಹ್ಯಾವ್ ಪಾಸ್ಡ್ ಎಸ್ಸೆಸ್ಸೆಲ್ಸಿ ಇನ್ 2009', 'ಐ ಹ್ಯಾವ್ ಸಬ್‌ಮಿಟೆಡ್ ದಿ ಅಪ್ಲಿಕೇಶನ್ ಆನ್ ಫಿಫ್ತ್ ಜೂನ್'. ಗುಮಾಸ್ತರಿಗೆ ಅರ್ಥವಾಗುತ್ತದೆ, ಕೆಲಸವೂ ಆಗುತ್ತದೆ. ಆದರೆ ಇದೇ ಇಂಗ್ಲೀಷು ಕಂಪನಿಯ ಇಂಟರ್‌ವ್ಯೂ ಟೇಬಲ್ಲಿಗೋ, ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಗೋ ಹೋದರೆ ಅಂಕ ಖೋತಾ!

ತಪ್ಪೇನು? ಇಸವಿಯನ್ನೋ, ತಾರೀಕನ್ನೋ, 'ನಿನ್ನೆ' ಎಂಬುದನ್ನೋ ಬಾಯಿಬಿಟ್ಟು ಹೇಳಿದ ಮೇಲೆ ಇಂಗ್ಲೀಷಿನಲ್ಲಿ 'ಹ್ಯಾವ್' ನಿಲ್ಲುವುದಿಲ್ಲ. 'ಐ ಪಾಸ್ಡ್ ಇನ್ 2009', ಅಷ್ಟೇ. ತಲೆಮಾರುಗಳಿಂದ ಮಕ್ಕಳ ಚೀಲದಲ್ಲಿರುವ ರೆನ್ ಅಂಡ್ ಮಾರ್ಟಿನ್ ವ್ಯಾಕರಣದಲ್ಲೂ ಈ ಎಚ್ಚರಿಕೆ ಇದೆ. ಓದಿದವರೂ ಮರೆಯುತ್ತಾರೆ.

ಇದನ್ನು ದಡ್ಡತನ ಅನ್ನೋ ಹಾಗಿಲ್ಲ. ಮೂಲ ಇರೋದು ಕನ್ನಡಿಗನ ನಾಲಿಗೆಯಲ್ಲೇ. 'ಕೊಟ್ಟೆ' ಮತ್ತು 'ಕೊಟ್ಟಿದ್ದೇನೆ' ಎಂಬ ಎರಡು ರೂಪ ಕನ್ನಡದಲ್ಲೂ ಇವೆ. 'ಹಂಪಿ ನೋಡಿದ್ದೇನೆ' ಅಂದರೆ 'ಐ ಹ್ಯಾವ್ ಸೀನ್ ಹಂಪಿ'. ಇಲ್ಲಿಯವರೆಗೆ ಎರಡು ಭಾಷೆಗಳೂ ಜೋಡೆತ್ತಿನ ಹಾಗೆ ಹೋಗುತ್ತವೆ. ಆದರೆ ಕಚೇರಿ ಅಲೆದು ಸುಸ್ತಾದ ರೈತ ಕೌಂಟರಿನಲ್ಲಿ ಏನನ್ನುತ್ತಾನೆ? 'ಸ್ವಾಮಿ, ಮೊನ್ನೆ ಸೋಮವಾರವೇ ಅರ್ಜಿ ಕೊಟ್ಟಿದ್ದೀನಲ್ಲ!' ಅರ್ಜಿ ಒಳಗಿದೆ, ತನ್ನ ಕೆಲಸ ತಾನು ಮಾಡಿ ಆಗಿದೆ, ಇನ್ನು ನಿಮ್ಮ ಸರದಿ ಎಂಬ ಒತ್ತು ಆ 'ಇದ್ದೀನಿ'ಯಲ್ಲಿದೆ. ಪಕ್ಕದಲ್ಲಿ 'ಸೋಮವಾರ' ಇದ್ದರೆ ಕನ್ನಡಕ್ಕೆ ಯಾವ ತಕರಾರೂ ಇಲ್ಲ. ಆ ವಾಕ್ಯವನ್ನು ಹಾಗೇ ಎತ್ತಿ ಇಂಗ್ಲೀಷಿಗೆ ಇಟ್ಟಾಗಲೇ ಫಜೀತಿ. ಜರ್ಮನ್ನರೂ ಫ್ರೆಂಚರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಅವರ ಭಾಷೆಗಳಲ್ಲೂ ಅಂಥದೇ ರೂಪದ ಪಕ್ಕ 'ನಿನ್ನೆ' ಸಲೀಸಾಗಿ ಕೂರುತ್ತದೆ.

ಸಿನಿಮಾ ಮಾತನ್ನೇ ತೆಗೆದುಕೊಳ್ಳಿ. ಡಾ. ರಾಜಕುಮಾರ್ 2006ರಲ್ಲಿ ತೀರಿಕೊಂಡರು. ಇವತ್ತಿಗೂ ಜನ 'ಅಣ್ಣಾವ್ರು ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ್ದಾರೆ' ಎಂದೇ ಹೇಳುತ್ತಾರೆ. ಕನ್ನಡದಲ್ಲಿ ಅದು ತಪ್ಪೇ ಅಲ್ಲ. ಇಂಗ್ಲೀಷಿನಲ್ಲಿ 'ಹ್ಯಾಸ್ ಆಕ್ಟೆಡ್' ಅಂದರೆ ಅವರು ಇನ್ನೂ ಇದ್ದಾರೆ, ನಾಳೆ ಮತ್ತೊಂದು ಚಿತ್ರ ಬಂದೀತು ಎಂಬ ಧ್ವನಿ. 'ಆಕ್ಟೆಡ್' ಎಂದೇ ಬರೆಯಬೇಕು. ಅಭಿಮಾನಿಗಳಿಗೆ ಕಷ್ಟದ ಮಾತೇ, ಏನು ಮಾಡೋದು!

ಹೊಟ್ಟೆಪಾಡಿಗೆ ಪೆಟ್ಟು ಬೀಳುವ ಜಾಗ ಇನ್ನೊಂದಿದೆ. ಕೆಲಸದಲ್ಲಿ ಇರುವಾಗಲೇ ಬೇರೆ ಕಡೆ ಅರ್ಜಿ ಹಾಕುವ ಹುಡುಗ 'ಐ ವರ್ಕ್ಡ್ ಹಿಯರ್ ಫಾರ್ ಸಿಕ್ಸ್ ಇಯರ್ಸ್' ಎಂದು ಬರೆದುಬಿಟ್ಟರೆ, ಓದಿದವರು 'ಓಹೋ, ಬಿಟ್ಟಾಯಿತು' ಅಂದುಕೊಳ್ಳುತ್ತಾರೆ. 'ಯಾಕೆ ಬಿಟ್ಟಿರಿ?' ಎಂಬ ಪ್ರಶ್ನೆ ಬರುತ್ತದೆ, ಪಾಪ ಹುಡುಗ ಕಕ್ಕಾಬಿಕ್ಕಿ. 'ಐ ಹ್ಯಾವ್ ವರ್ಕ್ಡ್' ಎಂದಿದ್ದರೆ ಈಗಲೂ ಅಲ್ಲೇ ಇದ್ದಾನೆಂದು ತಿಳಿಯುತ್ತಿತ್ತು. ಇದರ ತಿರುವುಮುರುವು ಅನುಭವದ ಸರ್ಟಿಫಿಕೇಟಿನಲ್ಲಿ. 'ಹಿ ಹ್ಯಾಸ್ ವರ್ಕ್ಡ್ ಫ್ರಂ 2015 ಟು 2019'! ಇಸವಿ ಮುಗಿದಿದೆ, ಕೆಲಸವೂ ಮುಗಿದಿದೆ, 'ಹ್ಯಾಸ್' ಮಾತ್ರ ಕುರ್ಚಿ ಬಿಟ್ಟು ಎದ್ದಿಲ್ಲ.

ಅಂಕಪಟ್ಟಿ ಕಳೆದುಕೊಂಡವರ ಪಾಡೂ ಇದೇ. ನಕಲು ಪ್ರತಿ ಕೇಳುವಾಗ ಬರೀ 'ಐ ಲಾಸ್ಟ್ ಮೈ ಮಾರ್ಕ್ಸ್ ಕಾರ್ಡ್' ಎಂದರೆ ಅಂದು ಕಳೆಯಿತು ಎಂದಷ್ಟೇ ಆಯಿತು. ಆಮೇಲೆ ಸಿಕ್ಕಿತೋ ಇಲ್ಲವೋ ವಾಕ್ಯ ಹೇಳುವುದಿಲ್ಲ. 'ಐ ಹ್ಯಾವ್ ಲಾಸ್ಟ್' ಎಂದರೆ ಇನ್ನೂ ಸಿಕ್ಕಿಲ್ಲ. ಹಾಗಾದರೆ ತಾರೀಕು ಎಲ್ಲಿ ಹಾಕೋದು? ಎರಡನೇ ವಾಕ್ಯ ಮಾಡಿ. ಮೊದಲು 'ಹ್ಯಾವ್ ಲಾಸ್ಟ್', ಆಮೇಲೆ 'ಲಾಸ್ಟ್ ಇಟ್ ಇನ್ ಎ ಬಸ್ ಆನ್ ಟೆಂತ್ ಮೇ'. ಇಂಗ್ಲೀಷ್ ಪತ್ರಿಕೆಯವರೂ ರೇಡಿಯೋದವರೂ ಮಾಡೋದು ಇದನ್ನೇ. 'ಮಿನಿಸ್ಟರ್ ಹ್ಯಾಸ್ ರಿಸೈನ್ಡ್' ಎಂದು ಬಿಸಿ ಸುದ್ದಿ ಒಗೆದು, ಮುಂದಿನ ಸಾಲಿನಲ್ಲಿ ಯಾವಾಗ, ಯಾರ ಕೈಗೆ ಕೊಟ್ಟರು ಎಂಬುದನ್ನು 'ಹ್ಯಾಸ್' ಇಲ್ಲದೆ ಹೇಳುತ್ತಾರೆ. ದಿನಾ ಪೇಪರ್ ಓದುವ ಹುಡುಗರಿಗೆ ಈ ಜಾಡು ತಾನಾಗಿ ಹತ್ತುತ್ತದೆ.

ಶಾಲೆಯಲ್ಲಿ ಏನಾಗುತ್ತಿದೆ? ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲೀಷ್ ಬಂದಿದೆ. ಸಂತೋಷ. ಆದರೆ 'ಗೋ, ವೆಂಟ್, ಗಾನ್' ಎಂದು ಮಗ್ಗಿಯಂತೆ ಒಪ್ಪಿಸುವ ಮಗುವಿಗೆ 'ವೆಂಟ್' ಯಾವಾಗ, 'ಹ್ಯಾಸ್ ಗಾನ್' ಯಾವಾಗ ಎಂಬುದು ಆ ಪಟ್ಟಿಯಿಂದ ತಿಳಿಯದು. 'ಅಪ್ಪ ಪೇಟೆಗೆ ಹೋಗಿದ್ದಾರೆ' ಅಂದರೆ ಇನ್ನೂ ಬಂದಿಲ್ಲ ಎಂದು ಮಗುವಿಗೆ ಗೊತ್ತು. ಅದೇ 'ಹ್ಯಾಸ್ ಗಾನ್'. 'ಅಪ್ಪ ನಿನ್ನೆಯೇ ಹೋಗಿದ್ದಾರೆ' ಎಂದಾಗ ಮಾತ್ರ ಇಂಗ್ಲೀಷು ದಾರಿ ಬದಲಿಸಿ 'ವೆಂಟ್' ಅನ್ನುತ್ತದೆ. ಈ ಎರಡು ಕನ್ನಡ ವಾಕ್ಯಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರೆ ಅರ್ಧ ಗಂಟೆಯ ಪಾಠ. ಕನ್ನಡ ಬಾಯಿಗೆ ಬರಬಾರದು ಎಂಬ ಕಟ್ಟುನಿಟ್ಟಿನ ತರಗತಿಯಲ್ಲಿ ಇದು ಆಗದ ಕೆಲಸ.

ಇಷ್ಟೆಲ್ಲ ಕಲಿತವನು ಅಮೆರಿಕದ ಕಂಪನಿ ಸೇರಿದರೆ ಮತ್ತೊಂದು ಗೊಂದಲ ಕಾದಿರುತ್ತದೆ. 'ಊಟ ಆಯ್ತಾ?' ಎನ್ನುವುದನ್ನು ಬ್ರಿಟಿಷರು 'ಹ್ಯಾವ್ ಯು ಈಟನ್ ಯೆಟ್?' ಎಂದು ಕೇಳಿದರೆ, ಅಮೆರಿಕದವರು 'ಡಿಡ್ ಯು ಈಟ್ ಯೆಟ್?' ಎಂದರೂ ನಡೆಯುತ್ತದೆ. ಆದರೆ 'ಐ ಹ್ಯಾವ್ ಈಟನ್ ಯೆಸ್ಟರ್‌ಡೇ' ಎಂಬುದನ್ನು ಅಲ್ಲಿಯೂ ಸರಿ ಅನ್ನುವುದಿಲ್ಲ.