ನೆರೆಯ ಬಡಾವಣೆಯ ಮಾಜಿ ಪ್ರಧಾನಿ

2019ರ ಮೇ 18ರಂದು ನಾನು ಸಿಡ್ನಿಯಲ್ಲಿ, ಮಗಳ ಮನೆಯಲ್ಲಿದ್ದೆ. ಅಂದು ಆಸ್ಟ್ರೇಲಿಯಾದಲ್ಲಿ ಚುನಾವಣೆ. ಇಪ್ಪತ್ತೈದು ವರ್ಷ ತಾವೇ ಪ್ರತಿನಿಧಿಸಿದ್ದ ವಾರಿಂಗಾ ಕ್ಷೇತ್ರದಲ್ಲಿ ಮಾಜಿ ಪ್ರಧಾನಿ ಟೋನಿ ಅಬಾಟ್ ಪಕ್ಷೇತರ ಅಭ್ಯರ್ಥಿಯೊಬ್ಬರಿಗೆ ಸೋತು, ಅಂದೇ ರಾತ್ರಿ ಸೋಲೊಪ್ಪಿಕೊಂಡರು. ಆಗ ಅವರಿಗೆ 61 ವರ್ಷ. ಕಾಕತಾಳೀಯವೆಂಬಂತೆ ಅದೇ ದಿನ ಎಚ್.ಡಿ. ದೇವೇಗೌಡರಿಗೆ 86 ತುಂಬಿತ್ತು. ಐದು ದಿನಗಳ ಬಳಿಕ ಮತ ಎಣಿಕೆಯಾದಾಗ ತುಮಕೂರಿನಲ್ಲಿ ಅವರೂ ಸೋತರು. ‘ಪ್ರಧಾನಿಯಾಗಿದ್ದವರಿಗೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಮಾವ?’ ಎಂದು ಅಳಿಯ ಕೇಳಿದ. ನಾನು ಸುಮ್ಮನಾದೆ.

ಬನಶಂಕರಿ ಎರಡನೇ ಹಂತದ ನಮ್ಮ ಮನೆಗೂ ಗೌಡರ ಪದ್ಮನಾಭನಗರಕ್ಕೂ ಹೆಚ್ಚು ದೂರವಿಲ್ಲ. ಆ ಮನೆಯ ಎದುರು ಊರುಗಳಿಂದ ಬಂದ ವಾಹನಗಳು, ಅರ್ಜಿ ಹಿಡಿದು ನಿಂತ ಪಂಚೆಯುಟ್ಟ ಜನ ನಮಗೆ ಹೊಸದಲ್ಲ. ಆದರೆ ದಕ್ಷಿಣ ಬೆಂಗಳೂರಿನ ನನ್ನಂಥ ವಿದ್ಯಾವಂತರಿಗೆ ಈ ನೆರೆಯವರು ಎಂದೂ ನಮ್ಮವರಾಗಲಿಲ್ಲ. 1996ರ ಜೂನ್ 1ರಂದು ಕನ್ನಡಿಗನೊಬ್ಬ ಮೊದಲ ಬಾರಿಗೆ ಪ್ರಧಾನಿಯಾದಾಗ ನಾವು ಕೆಲವು ದಿನ ಬೀಗಿದೆವು ನಿಜ. ಆಮೇಲೆ ನಮ್ಮ ಬ್ಯಾಂಕಿನ ಊಟದ ಕೋಣೆಯಲ್ಲಿ ಅವರ ಮುದ್ದೆ, ಸಭೆಗಳಲ್ಲಿ ಅವರ ತೂಕಡಿಕೆ, ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕೆಂಪುಕೋಟೆಯಲ್ಲಿ ಓದಿದ ಹಿಂದಿ ಭಾಷಣ ಎಲ್ಲವೂ ನಗೆಚಾಟಿಕೆಯ ವಸ್ತುವಾದವು. ನಾನೂ ನಕ್ಕವನೇ. ಹಿಂದಿ ಬಾರದ ಕನ್ನಡಿಗನನ್ನು ಕನ್ನಡಿಗರೇ ಅಣಕಿಸುತ್ತಿದ್ದೇವೆ ಎಂಬುದು ಆಗ ಹೊಳೆಯಲಿಲ್ಲ.

ಅವರ ಪ್ರಧಾನಿ ಪಟ್ಟ ಉಳಿದದ್ದು 324 ದಿನ. ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಿತು. 1997ರ ಏಪ್ರಿಲ್ 11ರಂದು 158–292 ಮತಗಳಿಂದ ಸರ್ಕಾರ ಬಿತ್ತು. ಆದರೆ ಅಷ್ಟರೊಳಗೆ ಆದದ್ದೇನು? ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ ಮೊದಲು ಮಂಡನೆಯಾದದ್ದು 1996ರ ಸೆಪ್ಟೆಂಬರ್‌ನಲ್ಲಿ, ಅವರ ಸರ್ಕಾರದಿಂದ. ಅಂಥದೊಂದು ಕಾನೂನು ಅಂಗೀಕಾರವಾಗಲು 2023ರವರೆಗೆ ಕಾಯಬೇಕಾಯಿತು. ಅದೇ ಡಿಸೆಂಬರ್‌ನಲ್ಲಿ ಶೇಖ್ ಹಸೀನಾ ಅವರೊಡನೆ 30 ವರ್ಷಗಳ ಗಂಗಾ ಜಲ ಒಪ್ಪಂದಕ್ಕೆ ಸಹಿ ಬಿತ್ತು. ನನಗೆ ಇದೇ ಹೆಚ್ಚು ಕುತೂಹಲದ ಸಂಗತಿ. ಡಿಪ್ಲೊಮಾ ಎಂಜಿನಿಯರ್ ಆಗಿ ಬದುಕು ತೊಡಗಿ, ನೀರಾವರಿ ಮಂತ್ರಿಯಾಗಿ, ಕಾವೇರಿಯ ಹನಿಹನಿಗೂ ಜಗಳ ಕಾಯ್ದ ಮೇಲ್ಭಾಗದ ರಾಜ್ಯದ ಮನುಷ್ಯ ಅವರು. ದಿಲ್ಲಿಯಲ್ಲಿ ಕೂತಾಗ ಕೆಳಭಾಗದ ದೇಶದ ಸಂಕಟವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಇಂಥದ್ದು ಎಲ್ಲರಿಗೂ ಆಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಸ್ಸಾಮಿನ ದಿಬ್ರುಗಢದ ಬಳಿ ಬ್ರಹ್ಮಪುತ್ರಕ್ಕೆ ಕಟ್ಟಿದ ಬೋಗಿಬೀಲ್ ಸೇತುವೆ ದಾಟಿದೆ. ಉದ್ದ 4.94 ಕಿಲೋಮೀಟರ್. ಬೆಂಗಳೂರಿನವನೆಂದು ತಿಳಿದ ಟ್ಯಾಕ್ಸಿ ಚಾಲಕ, ಇದಕ್ಕೆ ಅಡಿಗಲ್ಲು ಹಾಕಿದ್ದು ನಿಮ್ಮೂರಿನವರೇ ಎಂದ. 1997ರ ಜನವರಿಯಲ್ಲಿ ಗೌಡರು ಹಾಕಿದ ಕಲ್ಲು ಅದು. 2018ರ ಡಿಸೆಂಬರ್ 25ರಂದು ಉದ್ಘಾಟನೆಯಾದಾಗ ತಮಗೆ ಆಹ್ವಾನವಿರಲಿಲ್ಲವೆಂದು ಅವರು ನೊಂದು ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿ ಮರೆತಿದ್ದೆ. ನೆನಪಿಸಲು ಆ ಚಾಲಕನೇ ಬೇಕಾದ.

ಮರೆವಿಗೆ ನಾವಷ್ಟೇ ಹೊಣೆಯಲ್ಲ. ದಿಲ್ಲಿಯಿಂದ ಮರಳಿದ ಗೌಡರು ಹಿರಿಯ ಮುತ್ಸದ್ದಿಯ ಪೀಠವನ್ನು ಬಯಸಲಿಲ್ಲ. ತಾಲ್ಲೂಕು ರಾಜಕಾರಣದ ಅಖಾಡಕ್ಕೇ ಇಳಿದರು. 1999ರಲ್ಲಿ ಹಾಸನದಲ್ಲಿ ಸೋತು, 2002ರಲ್ಲಿ ಕನಕಪುರದ ಉಪಚುನಾವಣೆ ಗೆದ್ದರು. ನೈಸ್ ರಸ್ತೆಯ ವಿಷಯದಲ್ಲಿ ರೈತರ ಜಮೀನಿನ ಬಗ್ಗೆ ಅವರೆತ್ತಿದ ಪ್ರಶ್ನೆ ನ್ಯಾಯವಾದದ್ದೇ, ಆದರೆ ಆ ಯೋಜನೆಯ ಮೊದಲ ಒಡಂಬಡಿಕೆಯಾದದ್ದು 1995ರಲ್ಲಿ, ಅವರೇ ಮುಖ್ಯಮಂತ್ರಿಯಾಗಿದ್ದಾಗ. ಪಕ್ಷ ಬರಬರುತ್ತ ಕುಟುಂಬವಾಯಿತು. 2019ರಲ್ಲಿ ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟದ್ದರಿಂದಲೇ ತುಮಕೂರಿಗೆ ಹೋಗಿ ಸೋಲಬೇಕಾಯಿತು. ಇದನ್ನು ಸಮರ್ಥಿಸಲು ನನ್ನಿಂದ ಸಾಧ್ಯವಿಲ್ಲ.

ಆದರೂ 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದು, ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಕಂಡು, 1989ರಲ್ಲಿ ಸ್ವಂತ ಊರಿನಲ್ಲೇ ಸೋತು, ಐದೇ ವರ್ಷಗಳಲ್ಲಿ ಮುಖ್ಯಮಂತ್ರಿಯಾದವರಿಗೆ ಸೋಲೆಂದರೆ ಮುಂದಿನ ಚುನಾವಣೆಯವರೆಗಿನ ಬಿಡುವು ಮಾತ್ರ ಇದ್ದೀತು. 2020ರ ಜೂನ್‌ನಲ್ಲಿ ಅಳಿಯ ಫೋನ್ ಮಾಡಿದ್ದ. ರಾಜ್ಯಸಭೆಗೆ ಗೌಡರ ಅವಿರೋಧ ಆಯ್ಕೆಯ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ‘ಮಾವ, ನಿಮ್ಮ ಪಕ್ಕದ ಬಡಾವಣೆಯವರು ಮತ್ತೆ ದಿಲ್ಲಿಗೆ ಹೊರಟರಂತೆ!’ ಎಂದ.