ಮಾದಲ ಹಣ್ಣು ಮತ್ತು ಮುರಿದ ಬಿದಿರು

ಒಂಬತ್ತು ಮಾದಲ ಹಣ್ಣು, ಏಳು ಬೇಲದ ಹಣ್ಣು ಸೇರಿ ಬೆಲೆ ೧೦೭. ಏಳು ಮಾದಲ, ಒಂಬತ್ತು ಬೇಲ ಸೇರಿ ೧೦೧. ಹಾಗಾದರೆ ಒಂದೊಂದು ಹಣ್ಣಿನ ಬೆಲೆ ಎಷ್ಟು?

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ತಾವರಗೇರಾದಲ್ಲಿ ಹತ್ತನೆಯ ತರಗತಿ ಓದುವ ಹುಡುಗಿಗೆ ಇದು ಪಠ್ಯಪುಸ್ತಕದ ಲೆಕ್ಕದಂತೆಯೇ ಕಾಣುತ್ತದೆ: ಎರಡು ಚರಾಕ್ಷರಗಳುಳ್ಳ ಸಮೀಕರಣಗಳ ಜೋಡಿ. ಆದರೆ ಇದನ್ನು ಕೇಳಿದವನು ಮಹಾವೀರಾಚಾರ್ಯ. ಕೇಳಿದ್ದು ಸುಮಾರು ಕ್ರಿ.ಶ. ೮೫೦ರಲ್ಲಿ, ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥದಲ್ಲಿ. ಈ ಜೈನ ಗಣಿತಜ್ಞ ಗ್ರಂಥದ ಆರಂಭದಲ್ಲಿ ಕೊಂಡಾಡುವುದು ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು. ಅದೇ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಗಣಿತವೆಂದರೆ ಎಲ್ಲಿಂದಲೋ ಬಂದು ಪರೀಕ್ಷೆಯಲ್ಲಿ ಕಾಡುವ ವಿಷಯ ಎಂದು ಭಾವಿಸುವ ಮಕ್ಕಳು ತಿಳಿಯಬೇಕಾದ ಸಂಗತಿ ಇದು.

ಹಣ್ಣಿನ ಲೆಕ್ಕವನ್ನೇ ಬಿಡಿಸೋಣ. ಎರಡೂ ಖರೀದಿ ಕೂಡಿದರೆ ೧೬ ಮಾದಲ, ೧೬ ಬೇಲ, ಬೆಲೆ ೨೦೮. ಅಂದರೆ ಒಂದು ಮಾದಲ, ಒಂದು ಬೇಲ ಸೇರಿ ೧೩. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ, ಎರಡು ಮಾದಲದ ಬೆಲೆ ಎರಡು ಬೇಲದ ಬೆಲೆಗಿಂತ ೬ ಹೆಚ್ಚು; ಒಂದಕ್ಕೆ ೩ ಹೆಚ್ಚು. ಮೊತ್ತ ೧೩, ವ್ಯತ್ಯಾಸ ೩. ಕೂಡಿ ಅರ್ಧ ಮಾಡಿದರೆ ಮಾದಲಕ್ಕೆ ೮, ಕಳೆದು ಅರ್ಧ ಮಾಡಿದರೆ ಬೇಲಕ್ಕೆ ೫. ಮೊತ್ತ, ವ್ಯತ್ಯಾಸ ತಿಳಿದಾಗ ಎರಡು ಸಂಖ್ಯೆಗಳನ್ನು ಕಂಡುಹಿಡಿಯುವ ಈ ಕ್ರಮಕ್ಕೆ ನಮ್ಮ ಪ್ರಾಚೀನರು ‘ಸಂಕ್ರಮಣ’ ಎಂದು ಹೆಸರಿಟ್ಟಿದ್ದರು.

ಈಗ ರೇಖಾಗಣಿತಕ್ಕೆ ಬರೋಣ. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ (೧೧೫೦) ೩೨ ಮೊಳದ ಬಿದಿರೊಂದು ಗಾಳಿಗೆ ಮುರಿಯುತ್ತದೆ. ಅದರ ತುದಿ ಬುಡದಿಂದ ೧೬ ಮೊಳ ದೂರದಲ್ಲಿ ನೆಲ ಮುಟ್ಟುತ್ತದೆ. ಮುರಿದದ್ದು ಎಷ್ಟು ಎತ್ತರದಲ್ಲಿ? ನಿಂತ ಭಾಗ, ನೆಲ, ಬಾಗಿದ ಭಾಗ ಮೂರೂ ಸೇರಿ ಲಂಬಕೋನ ತ್ರಿಭುಜ. ಬಾಗಿದ ಭಾಗವೇ ಕರ್ಣ. ಕರ್ಣದ ವರ್ಗದಲ್ಲಿ ನಿಂತ ಭಾಗದ ವರ್ಗ ಕಳೆದರೆ ನೆಲದ ಅಳತೆಯ ವರ್ಗ, ಅಂದರೆ ೨೫೬ ಬರಬೇಕು. ವರ್ಗಗಳ ವ್ಯತ್ಯಾಸವೆಂದರೆ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧ. ಮೊತ್ತ ಇಡೀ ಬಿದಿರಿನ ಉದ್ದ, ೩೨. ಆದ್ದರಿಂದ ವ್ಯತ್ಯಾಸ ೮. ಮತ್ತೆ ಅದೇ ಸಂಕ್ರಮಣ! ಕರ್ಣ ೨೦, ನಿಂತ ಭಾಗ ೧೨ ಮೊಳ. ಹಣ್ಣಿನ ಅಂಗಡಿಯಲ್ಲಿ ಕಲಿತ ಉಪಾಯ ಬಿದಿರ ಮೆಳೆಯಲ್ಲೂ ಕೆಲಸಕ್ಕೆ ಬಂತು.

ತ್ರಿಕೋನಮಿತಿಯ ‘ಸೈನ್’ ಕೂಡ ಹೊರಗಿನದಲ್ಲ. ಸಂಸ್ಕೃತದ ‘ಜ್ಯಾ’ ಅಥವಾ ‘ಜೀವಾ’, ಅಂದರೆ ಬಿಲ್ಲಿನ ಹೆದೆ, ಅರಬ್ಬಿಯಲ್ಲಿ ‘ಜಿಬ’ ಆಯಿತು. ಅದನ್ನು ‘ಜೈಬ್’ ಎಂದು ಓದಿದವರು ಮಡಿಲು ಎಂಬ ಅರ್ಥ ಹಿಡಿದು ಲ್ಯಾಟಿನ್ನಿನಲ್ಲಿ ‘ಸೈನಸ್’ ಎಂದರು. ಇಲ್ಲಿಯೂ ಮೊತ್ತ–ವ್ಯತ್ಯಾಸಗಳ ಆಟವಿದೆ. ಎರಡು ಕೋನಗಳನ್ನು ಕೂಡಿದಾಗ, ಕಳೆದಾಗ ಜ್ಯಾ ಎಷ್ಟಾಗುತ್ತದೆ ಎಂಬ ಸೂತ್ರವನ್ನು ಭಾಸ್ಕರ ಕೊಟ್ಟಿದ್ದಾನೆ. ೪೫ ಮತ್ತು ೩೦ ಡಿಗ್ರಿಗಳನ್ನು ತೆಗೆದುಕೊಂಡರೆ, ಒಂದರ ಸೈನ್ ಇನ್ನೊಂದರ ಕಾಸ್ ಗುಣಿಸಿ ಬರುವ ಎರಡು ಸಂಖ್ಯೆಗಳು ಸುಮಾರು ೦.೬೧೨೪ ಮತ್ತು ೦.೩೫೩೬. ಕೂಡಿದರೆ ೭೫ ಡಿಗ್ರಿಯ ಸೈನ್, ಕಳೆದರೆ ೧೫ ಡಿಗ್ರಿಯದು.

ಈ ವಿದ್ಯೆ ಸಂಸ್ಕೃತದಲ್ಲೇ ಉಳಿಯಲಿಲ್ಲ. ೧೨ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ಕನ್ನಡದಲ್ಲೇ ರಚಿಸಿದ. ಆದರೆ ಮುಂದೆ ಕೊಪ್ಪಳ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು; ಅಲ್ಲಿ ಆಡಳಿತಕ್ಕೂ ಉನ್ನತ ಶಿಕ್ಷಣಕ್ಕೂ ಉರ್ದುವೇ ಭಾಷೆಯಾಯಿತು. ೧೯೪೮ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡು, ೧೯೫೬ರಲ್ಲಿ ಈ ಸೀಮೆ ಕನ್ನಡ ನಾಡಿನೊಂದಿಗೆ ಒಂದಾಯಿತು. ಅಜ್ಜ ಓದದ, ಅಪ್ಪ ಅರ್ಧಕ್ಕೆ ಬಿಟ್ಟ ಮನೆಯ ಮಗುವಿಗೆ ಸಂಜೆ ಲೆಕ್ಕ ಹೇಳಿಕೊಡಲು ಯಾರೂ ಇಲ್ಲದಿದ್ದರೆ ಅದು ಮಗುವಿನ ದಡ್ಡತನವಲ್ಲ. ಅಂಥ ಮಗು ಸೂತ್ರಗಳನ್ನು ಉರುಹೊಡೆಯುತ್ತದೆ. ಸಂಖ್ಯೆ ಬದಲಾದೊಡನೆ ಕೈಚೆಲ್ಲುತ್ತದೆ. ನಿಜಕ್ಕೂ ಕಲಿಯಬೇಕಾದ ಉಪಾಯಗಳು ಕೆಲವೇ. ಅವು ವೇಷ ಬದಲಿಸಿ ಮತ್ತೆ ಮತ್ತೆ ಬರುತ್ತವೆ.

ಇನ್ನು ತಪ್ಪಿನ ಭಯ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಮಹಾವೀರಾಚಾರ್ಯನೇ ಬರೆದಿದ್ದಾನೆ. ಅದು ತಪ್ಪು. ಮುನ್ನೂರು ವರ್ಷಗಳ ಬಳಿಕ ಭಾಸ್ಕರ ಅದನ್ನು ‘ಖಹರ’ವೆಂದು ಕರೆದು ಅನಂತವೆಂದ. ಅಂಥ ಭಾಗಾಕಾರಕ್ಕೆ ಅರ್ಥವೇ ಇಲ್ಲ ಎಂದು ಇಂದು ಶಾಲೆಯಲ್ಲಿ ಕಲಿಸುತ್ತಾರೆ. ಆಚಾರ್ಯರಿಗೂ ತಪ್ಪು ತಪ್ಪಲಿಲ್ಲ. ಆದರೂ ಲೆಕ್ಕ ಮುಂದುವರಿಯಿತು. ಹಾಳೆಯ ಮೇಲೆ ಹೊಡೆದುಹಾಕಿದ ಒಂದು ಸಾಲು ನಾಚಿಕೆಪಡುವ ಸಂಗತಿಯಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬರೆಯುವ ಧೈರ್ಯ ಇರಬೇಕು, ಅಷ್ಟೆ.