ಕರಿಯ ಬಾಗಿಲು

ಜರ್ಮನಿಯಲ್ಲಿ ಮೋಸೆಲ್ ನದಿಯ ದಡದ ಮೇಲೆ ಟ್ರಿಯರ್ ಎಂಬ ಊರಿದೆ. ರೋಮನರು ಕಟ್ಟಿದ ಪಟ್ಟಣವಿದು. ಅದರ ಕೋಟೆಗಿದ್ದ ಹೆಬ್ಬಾಗಿಲುಗಳಲ್ಲಿ ಉತ್ತರದ ಬಾಗಿಲೊಂದೇ ಇಂದಿಗೂ ನಿಂತಿರುವುದು. ಮಿಕ್ಕವನ್ನು ಜನರು ಕೆಡವಿ, ಕಲ್ಲುಗಳನ್ನು ಒಯ್ದುಬಿಟ್ಟರು. ಇದೊಂದು ಮಾತ್ರ ಹೇಗೆ ಉಳಿಯಿತು?

ಇದರ ಹೆಸರು ಪೋರ್ಟಾ ನೀಗ್ರಾ, ಎಂದರೆ ಕರಿಯ ಬಾಗಿಲು. ಈ ಹೆಸರು ರೋಮನರದಲ್ಲ. ಮರಳುಕಲ್ಲು ಕಾಲಕ್ರಮದಲ್ಲಿ ಕಪ್ಪಾದ ಮೇಲೆ ಮಧ್ಯಯುಗದ ಜನರು ಇಟ್ಟದ್ದು. ನೆಲದಡಿಯಲ್ಲಿ ದೊರೆತ ಮರದ ತುಂಡಿನ ಉಂಗುರಗಳನ್ನು ಪರೀಕ್ಷಿಸಿ, ಆ ಮರವನ್ನು ಕ್ರಿ. ಶ. 169-70ರ ಚಳಿಗಾಲದಲ್ಲಿ ಕಡಿದರೆಂದು ವಿದ್ವಾಂಸರು 2018ರಲ್ಲಿ ತಿಳಿಸಿದರು. ಆಗ ಮಾರ್ಕಸ್ ಔರೇಲಿಯಸ್ ಚಕ್ರವರ್ತಿಯ ಆಳ್ವಿಕೆ.

ಸುಮಾರು 30 ಮೀಟರ್ ಎತ್ತರದ ಈ ಕಟ್ಟಡದಲ್ಲಿ ಎರಡು ಗೋಪುರಗಳು, ನಡುವೆ ಜೋಡಿ ಕಮಾನುದಾರಿ. ಹೊರಬಾಗಿಲನ್ನು ಮುರಿದು ನುಗ್ಗಿದ ಶತ್ರು ನೇರವಾಗಿ ಊರೊಳಕ್ಕೆ ಬರಲಾರ. ನಡುವಣ ಅಂಗಳದಲ್ಲಿ ಸಿಕ್ಕಿಬೀಳುತ್ತಾನೆ. ಸುತ್ತಲಿನ ಕಿಟಕಿಗಳಿಂದ ಅವನ ಮೇಲೆ ಪೆಟ್ಟು! ಕಲ್ಲುಗಳಿಗೆ ಗಾರೆಯೇ ಇಲ್ಲ. ಕಲ್ಲಿನಿಂದ ಕಲ್ಲಿಗೆ ಕಬ್ಬಿಣದ ಕೊಂಡಿ ಹಾಕಿ, ಸೀಸವನ್ನು ಕರಗಿಸಿ ಹೊಯ್ದಿದ್ದಾರೆ. ಗಾರೆಯ ಕೆಲಸದವರಾದ ನನ್ನ ತಂದೆಯವರಿಗೆ ಇದನ್ನು ಓದಿ ಹೇಳಿದಾಗ ಅವರು ಮೊದಲು ನಂಬಲೇ ಇಲ್ಲ. ಆಮೇಲೆ, "ಕಲ್ಲಿನ ಮೈ ಎಷ್ಟು ಸಮ ಮಾಡಿದ್ದರೋ!" ಎಂದರು. ಮಧ್ಯಯುಗದಲ್ಲಿ ಲೋಹದಾಸೆಗೆ ಆ ಕೊಂಡಿಗಳನ್ನು ಕಿತ್ತರು. ತೂತುಗಳು ಇನ್ನೂ ಕಾಣುತ್ತವೆ. ಆದರೂ ಗೋಡೆ ಬೀಳಲಿಲ್ಲ. ಹೊರಮೈಯ ಅರೆಗಂಬಗಳು ಮಾತ್ರ ಒರಟಾಗಿಯೇ ಇವೆ. ಕೆಲಸ ಪೂರ್ತಿಯಾಗಲೇ ಇಲ್ಲ.

ಇದನ್ನು ಉಳಿಸಿದವನು ರಾಜನಲ್ಲ, ಒಬ್ಬ ಸಂನ್ಯಾಸಿ. ಹನ್ನೊಂದನೆಯ ಶತಮಾನದಲ್ಲಿ ಸಿಮಿಯೋನ್ ಎಂಬ ಗ್ರೀಕ್ ಸಾಧು ಈ ಬಾಗಿಲಿನ ಗೋಪುರದೊಳಗೆ ತನ್ನನ್ನು ತಾನೇ ಬಂಧಿಸಿಕೊಂಡು ತಪಸ್ಸಿಗೆ ಕುಳಿತನು, 1035ರಲ್ಲಿ ತೀರಿಕೊಂಡನು. ಅವನ ನೆನಪಿಗಾಗಿ ಬಾಗಿಲನ್ನೇ ಇಗರ್ಜಿಯನ್ನಾಗಿ ಮಾರ್ಪಡಿಸಿದರು. ದೇವರ ಮನೆಯ ಕಲ್ಲಿಗೆ ಕೈ ಹಾಕುವವರು ಯಾರು?

1804ರಲ್ಲಿ ಟ್ರಿಯರ್‌ಗೆ ಬಂದ ನೆಪೋಲಿಯನ್ನನು ಇಗರ್ಜಿಯನ್ನು ತೆಗೆದು ರೋಮನರ ಕಟ್ಟಡವನ್ನು ಬಿಡಿಸಬೇಕೆಂದು ಆಜ್ಞೆಯಿತ್ತನು. ಅನೇಕರು ಇದನ್ನು ಹೊಗಳುತ್ತಾರೆ. ನನಗೇಕೋ ಒಪ್ಪಿಗೆಯಿಲ್ಲ. ಏಳು ನೂರು ವರ್ಷಗಳಿಗೂ ಮಿಕ್ಕಿ ಬಾಗಿಲನ್ನು ಕಾಪಾಡಿದ ಇಗರ್ಜಿಯೂ ಚರಿತ್ರೆಯಲ್ಲವೇ? ಅದೃಷ್ಟವಶಾತ್ ಕೆಡವಿದವರು ಎಲ್ಲವನ್ನೂ ಅಳಿಸಲಿಲ್ಲ. ಪೂರ್ವದ ಗೋಪುರಕ್ಕೆ ಅಂಟಿಕೊಂಡು ಇಗರ್ಜಿಯ ಗರ್ಭಗುಡಿಯ ಭಾಗ ಇಂದಿಗೂ ನಿಂತಿದೆ.